ಹಾಲು ಕುದಿಯುತ್ತಿದ್ದರೆ ಸಾಕು

ಬೆಳಗ್ಗೆ ಐದೂವರೆಗೆ ನನಗೆ ಬೆಂಗಳೂರು ಆಫೀಸಿನ ಜೊತೆ ಮೀಟಿಂಗ್. ಅಲ್ಲಿ ಆಗ ಸಂಜೆ ನಾಲ್ಕು, ಎಲ್ಲರ ಕೈಯಲ್ಲೂ ಕಾಫಿ ಲೋಟ. ಇಲ್ಲಿ ಮಿಷಿಗನ್‌ನ ಜನವರಿ. ಹೊರಗೆ ಕತ್ತಲು, ಹಿಮ. ಮನೆಯಲ್ಲಿ ಎದ್ದಿರುವವಳು ನಾನೊಬ್ಬಳೇ. ನಮ್ಮನೆಯವರು ಏಳುವುದು ಏಳೂವರೆಗೆ. ಅವರಿಗೆ ಎದ್ದ ತಕ್ಷಣ ಕಾಫಿ ಬೇಕು. ಅಷ್ಟು ಹೊತ್ತಿಗೆ ನಾನು ಮೂರನೇ ಮೀಟಿಂಗಿನಲ್ಲಿ ಇರುತ್ತೇನೆ, ಎದ್ದು ಹೋಗುವ ಹಾಗಿಲ್ಲ. ಐದಕ್ಕೆ ಮಾಡಿದ ಕಾಫಿ ಏಳೂವರೆಗೂ ಚೆನ್ನಾಗಿರಬೇಕು, ಇಷ್ಟೇ ನನ್ನ ಸಮಸ್ಯೆ.

ಊರಿಂದ ತಂದ ಸ್ಟೀಲ್ ಫಿಲ್ಟರ್ ಇದೆ. ಶನಿವಾರ, ಭಾನುವಾರ ಇವತ್ತಿಗೂ ಅದೇ. ಆದರೆ ಐದು ಗಂಟೆಗೆ ನೀರು ಕುದಿಸಿ, ಪುಡಿ ಅದುಮಿ, ಇಪ್ಪತ್ತು ನಿಮಿಷ ಕಾಯುವ ತಾಳ್ಮೆ ನನಗಿಲ್ಲ. ಹಾಗಾಗಿ ಮೊದಲು ತಂದಿದ್ದು ಇಲ್ಲಿನ ಎಲ್ಲ ಅಡುಗೆಮನೆಗಳಲ್ಲೂ ಇರುವಂಥ ಗಾಜಿನ ಜಗ್ಗಿನ ಡ್ರಿಪ್ ಮಷೀನು. ಕೆಳಗೆ ಬಿಸಿ ತಟ್ಟೆ, ಮೇಲೆ ಜಗ್ಗು. ಐದೂಕಾಲಿಗೆ ಕುಡಿದರೆ ಪರವಾಗಿಲ್ಲ. ಏಳೂವರೆಗೆ ಅದು ಸೀದ ಕಷಾಯ. ತಟ್ಟೆ ಬಿಸಿ ಮಾಡುತ್ತಲೇ ಇರುತ್ತದೆ, ನೀರು ಆವಿಯಾಗುತ್ತಲೇ ಇರುತ್ತದೆ. ಕಾಫಿಯಲ್ಲಿರುವ ಕ್ಲೋರೋಜೆನಿಕ್ ಆಮ್ಲ ಆ ಶಾಖಕ್ಕೆ ಒಡೆದು ಕ್ವಿನಿಕ್ ಆಮ್ಲ ಆಗುತ್ತದೆ, ನಾಲಿಗೆಗೆ ಒಗರು ಹುಳಿ ಹತ್ತುವುದು ಅದರಿಂದ. ನಮ್ಮನೆಯವರು ಪಾಪ ಏನೂ ಅನ್ನುತ್ತಿರಲಿಲ್ಲ. ಎರಡು ಚಮಚ ಸಕ್ಕರೆ ಮೂರಾಯಿತು, ಅಷ್ಟೇ. ಅದರಲ್ಲೇ ನನಗೆ ಗೊತ್ತಾಯಿತು.

ಆಮೇಲೆ ತಂದಿದ್ದು ಥರ್ಮಲ್ ಜಗ್ಗಿನ ಮಷೀನು. ಇಲ್ಲಿ ಕೆರಾಫ್ ಅನ್ನುತ್ತಾರೆ. ಎರಡು ಗೋಡೆಯ ಸ್ಟೀಲ್ ಜಗ್ಗು, ಗೋಡೆಗಳ ನಡುವೆ ಗಾಳಿಯನ್ನೇ ತೆಗೆದಿರುತ್ತಾರೆ. ಕೆಳಗೆ ಬಿಸಿ ತಟ್ಟೆ ಇಲ್ಲ. ನಮ್ಮ ಫ್ಲಾಸ್ಕಿನ ತತ್ವವೇ. 1892ರಲ್ಲಿ ಜೇಮ್ಸ್ ಡೀವರ್ ಅನ್ನುವ ವಿಜ್ಞಾನಿ ಇದನ್ನು ಮಾಡಿದ್ದು ಬಿಸಿ ಕಾಫಿಗಲ್ಲ, ವಿಪರೀತ ತಣ್ಣಗಿರುವ ದ್ರವಗಳನ್ನು ತಣ್ಣಗೇ ಇಡುವುದಕ್ಕೆ!

ಮೊದಲ ದಿನವೇ ನಿರಾಸೆ. ಆಗ ತಾನೇ ಇಳಿದ ಕಾಫಿಗೆ ಬಿಸಿ ಸಾಲದು ಅನ್ನಿಸಿತು. ವಾಪಸ್ ಕಳಿಸಿಬಿಡೋಣ ಅಂತ ಡಬ್ಬ ಕೂಡ ಎತ್ತಿಟ್ಟಿದ್ದೆ. ಆಮೇಲೆ ಅಡುಗೆಯ ಥರ್ಮಾಮೀಟರ್ ಹಿಡಿದು ನೋಡಿದೆ. ತಪ್ಪು ಜಗ್ಗಿನದಲ್ಲ. ರಾತ್ರಿಯೆಲ್ಲ ಚಳಿಯಲ್ಲಿ ಕೂತ ಸ್ಟೀಲು ಮೊದಲು ತನ್ನ ಹೊಟ್ಟೆ ಬೆಚ್ಚಗೆ ಮಾಡಿಕೊಂಡು, ಉಳಿದ ಬಿಸಿಯನ್ನು ನನಗೆ ಬಿಡುತ್ತಿತ್ತು. ತಣ್ಣನೆಯ ಜಗ್ಗಿಗೆ ಇಳಿದ ಕಾಫಿ 74 ಡಿಗ್ರಿ. ನಲ್ಲಿಯ ಸುಡು ನೀರು ತುಂಬಿಸಿ ಐದು ನಿಮಿಷ ಇಟ್ಟು ಚೆಲ್ಲಿದ ಮೇಲೆ ಇಳಿಸಿದರೆ 81. ಅದೇ ಮಷೀನು, ಅದೇ ಪುಡಿ.

ಇದರಿಂದ ಒಂದು ಆಸೆ ಕೈಬಿಡಬೇಕಾಯಿತು. ರಾತ್ರಿಯೇ ಟೈಮರ್ ಇಟ್ಟು, ಏಳುವ ಹೊತ್ತಿಗೆ ಕಾಫಿ ರೆಡಿ ಇರಲಿ ಅಂತ ಆ ಮಷೀನು ತೆಗೆದುಕೊಂಡಿದ್ದೆ. ಆದರೆ ಟೈಮರ್ ಇಟ್ಟರೆ ಜಗ್ಗು ಬಿಸಿ ಮಾಡುವವರು ಯಾರು? ಈಗ ಟೈಮರ್ ಮುಟ್ಟುವುದೇ ಇಲ್ಲ. ಎದ್ದ ಕೂಡಲೇ ಜಗ್ಗಿಗೆ ಬಿಸಿನೀರು, ಹಲ್ಲುಜ್ಜಿ ಬಂದು ಚೆಲ್ಲುವುದು, ಬಟನ್ ಒತ್ತುವುದು. ಪುಡಿಯೂ ರಾತ್ರಿಯೆಲ್ಲ ತೆರೆದುಕೊಂಡು ಕೂತು ಪರಿಮಳ ಕಳೆದುಕೊಳ್ಳುವುದಿಲ್ಲ.

ಇನ್ನೊಂದು ಮೋಸ, ಮೋಸ ಅಂದರೆ ತಪ್ಪಾಗುತ್ತೇನೋ, ಕಪ್ಪಿನ ಲೆಕ್ಕ. ಡಬ್ಬದ ಮೇಲೆ '8 ಕಪ್' ಅಂತ ಇತ್ತು. ಇಲ್ಲಿ ಅಡುಗೆಗೆ ಅಳೆಯುವ ಕಪ್ಪು ಸುಮಾರು 240 ಮಿಲಿ. ಕಾಫಿ ಮಷೀನಿನ ಕಪ್ಪು ಮಾತ್ರ ಸಾಮಾನ್ಯವಾಗಿ 5 ಔನ್ಸ್, ಅಂದರೆ 150 ಮಿಲಿ ಹತ್ತಿರ. ನನ್ನ ಎಂಟು ಕಪ್ಪಿನ ಜಗ್ಗಿಗೆ ಹಿಡಿಯುವುದು 1.2 ಲೀಟರ್. ನಮ್ಮ ಲೋಟದ ಜನಕ್ಕೆ ಅದು ಧಾರಾಳ, ಬಿಡಿ.

ಈಗ ನನ್ನ ದೊಡ್ಡ ಎಡವಟ್ಟಿಗೆ ಬರುತ್ತೇನೆ. ಇಂಡಿಯನ್ ಅಂಗಡಿಯಿಂದ ಚಿಕೋರಿ ಬೆರೆತ ಫಿಲ್ಟರ್ ಕಾಫಿ ಪುಡಿ ತಂದು, ಕಾಗದದ ಫಿಲ್ಟರಿಗೆ ನಾಲ್ಕು ದೊಡ್ಡ ಚಮಚ ಸುರಿದು, ಬಟನ್ ಒತ್ತಿ ಸ್ನಾನಕ್ಕೆ ಹೋದೆ. ಬಂದು ನೋಡಿದರೆ ಅಡುಗೆ ಕಟ್ಟೆ ತುಂಬ ಕಂದು ನೀರು. ಚರಟ ಡ್ರಾಯರಿನೊಳಗೆ ಇಳಿದಿತ್ತು, ಚಮಚಗಳ ಮಧ್ಯೆ. ಜಗ್ಗಿನಲ್ಲಿ ಅರ್ಧ ಲೋಟವೂ ಇರಲಿಲ್ಲ.

ಆಗಿದ್ದು ಇಷ್ಟು. ನಮ್ಮ ಪುಡಿ ಬಲು ನಯ. ಸ್ಟೀಲ್ ಫಿಲ್ಟರಿನಲ್ಲಿ ಅದು ನಿಧಾನಕ್ಕೆ ತೊಟ್ಟಿಕ್ಕಬೇಕು ಅಂತಲೇ ಹಾಗೆ ಬೀಸುತ್ತಾರೆ. ಮಷೀನಿಗೆ ಕಾಯುವ ಬುದ್ಧಿ ಇಲ್ಲ. ಕೆಳಗಿನ ಕಾಯಿಲ್ ನೀರನ್ನು ಕುದಿಸುತ್ತದೆ, ಗುಳ್ಳೆಗಳು ನೀರನ್ನು ಕೊಳವೆಯಲ್ಲಿ ಮೇಲಕ್ಕೆ ತಳ್ಳುತ್ತವೆ, ಅದು ಪುಡಿಯ ಮೇಲೆ ಸುರಿಯುತ್ತಲೇ ಇರುತ್ತದೆ. ಕೆಳಗೆ ಇಳಿಯಿತೋ ಇಲ್ಲವೋ ಅಂತ ನೋಡುವುದಿಲ್ಲ. ನಯ ಪುಡಿ ಕಾಗದದ ರಂಧ್ರ ಮುಚ್ಚಿತು. ಚಿಕೋರಿ ನೀರು ಕುಡಿದು ಅಂಟಂಟಾಗಿ ಉಳಿದದ್ದನ್ನೂ ಮುಚ್ಚಿತು. ಪುಡಿ ಹಾಕುವ ಬುಟ್ಟಿ ತುಂಬಿ ಉಕ್ಕಿತು.

ಇದೇ ಥರ ಉಕ್ಕುವುದಕ್ಕೆ ಇನ್ನೊಂದು ಕಾರಣ ಥರ್ಮಲ್ ಜಗ್ಗಿನ ಮುಚ್ಚಳ. ಕಾಫಿ ಇಳಿಯುವುದು ಮುಚ್ಚಳದ ನಡುವಿನ ತೂತಿನಿಂದ. ಆ ಮುಚ್ಚಳವೇ ಮೇಲಿನ ಬುಟ್ಟಿಯ ತಡೆಯನ್ನು ಒತ್ತಿ ದಾರಿ ಬಿಡಬೇಕು. ಮುಚ್ಚಳ ಪೂರ್ತಿ ತಿರುಗಿಸಿರದಿದ್ದರೆ ತಡೆ ತೆರೆಯುವುದೇ ಇಲ್ಲ. ನಿದ್ದೆಗಣ್ಣಿನಲ್ಲಿ ಎರಡು ಸಲ ಹೀಗೆ ಮಾಡಿಕೊಂಡಿದ್ದೇನೆ. ಗಾಜಿನ ಜಗ್ಗಾದರೆ ಇಳಿಯುತ್ತಿದೆಯೋ ಇಲ್ಲವೋ ಕಣ್ಣಿಗೆ ಕಾಣುತ್ತದೆ. ಸ್ಟೀಲಿನಲ್ಲಿ ಕಾಣುವುದಿಲ್ಲ. ಈಗ ಮೊದಲ ಅರ್ಧ ನಿಮಿಷ ಪಕ್ಕದಲ್ಲೇ ನಿಂತು ತೊಟ್ಟಿಕ್ಕುವ ಸದ್ದು ಕೇಳಿಯೇ ಹೋಗುವುದು.

ಪುಡಿಯ ಸಮಸ್ಯೆಗೆ ಪರಿಹಾರ ಸಿಕ್ಕಿದ್ದು ಆಫೀಸಿನ ಒಬ್ಬ ತಮಿಳು ಗೆಳತಿಯಿಂದ. ನ್ಯೂ ಆರ್ಲಿಯನ್ಸ್‌ನ ಕೆಫೆ ದು ಮೋಂಡ್‌ನ ಡಬ್ಬ ತಗೋ ಅಂದಳು. ಅಮೆರಿಕದಲ್ಲಿ ನೆಲೆಸಿದ ಎಷ್ಟೋ ದಕ್ಷಿಣದವರ ಮನೆಯಲ್ಲಿ ಆ ಡಬ್ಬ ಇರುತ್ತದೆ. ಲೂಸಿಯಾನದ ಆ ಊರಿನವರೂ ನಮ್ಮಂತೆ ಕಾಫಿಗೆ ಚಿಕೋರಿ ಬೆರೆಸುವವರು, ನಮ್ಮಂತೆ ಬಿಸಿ ಹಾಲು ಬೆರೆಸಿ ಕುಡಿಯುವವರು. ಅವರ ಪುಡಿ ಮಾತ್ರ ನಮ್ಮದಕ್ಕಿಂತ ತರಿ. ಕಾಗದ ಕಟ್ಟಿಕೊಳ್ಳುವುದಿಲ್ಲ. ಆದರೆ ನನಗೆ ಅದರ ಚಿಕೋರಿ ಸ್ವಲ್ಪ ಜಾಸ್ತಿ. ಹಾಗಾಗಿ ಅದು ಒಂದು ಪಾಲು, ಊರಿಂದ ಬರುವ ಚಿಕ್ಕಮಗಳೂರಿನ ಅರೇಬಿಕಾ ಬೀಜ ಮನೆಯಲ್ಲೇ ರವೆಯ ಹದಕ್ಕೆ ಬೀಸಿ ಎರಡು ಪಾಲು. ಬೀಜ ಮುಗಿದ ತಿಂಗಳು ಇಲ್ಲಿನ ಯಾವುದಾದರೂ ಬೀಜ. ಸಮಾಧಾನ ಇರುವುದಿಲ್ಲ, ನಡೆಯುತ್ತದೆ.

ಅಳತೆ ಹೇಳಿಬಿಡುತ್ತೇನೆ. ಸ್ಪೆಷಾಲಿಟಿ ಕಾಫಿ ಅಸೋಸಿಯೇಷನ್‌ನವರ ಲೆಕ್ಕದಲ್ಲಿ ಲೀಟರ್ ನೀರಿಗೆ 55 ಗ್ರಾಂ ಪುಡಿ. ಅದು ಕರಿ ಕಾಫಿ ಕುಡಿಯುವವರ ಹದ. ಅದಕ್ಕೆ ಹಾಲು ಹಾಕಿದರೆ ಲೋಟ ತೊಳೆದ ನೀರು. ನಾನು 600 ಮಿಲಿ ನೀರಿಗೆ 60 ಗ್ರಾಂ ಹಾಕುತ್ತೇನೆ. ನನ್ನ ಮಷೀನಿನಲ್ಲಿ ಕಡಿಮೆ ಕಪ್ಪಿಗೆ ಅಂತ ಒಂದು ಬಟನ್ ಇದೆ, ಅದನ್ನೊತ್ತಿದರೆ ನೀರು ಬಿಟ್ಟು ಬಿಟ್ಟು ಸುರಿಯುತ್ತದೆ, ಸಾರ ಚೆನ್ನಾಗಿ ಇಳಿಯುತ್ತದೆ. ಪುಡಿ ಸುಮಾರು ಎರಡರಷ್ಟು ನೀರು ಹಿಡಿದಿಟ್ಟುಕೊಳ್ಳುತ್ತದೆ. ಜಗ್ಗಿಗೆ ಬರುವುದು 480 ಮಿಲಿ ಹತ್ತಿರ. ಸ್ಟೀಲ್ ಫಿಲ್ಟರಿನ ಗಟ್ಟಿ ಡಿಕಾಕ್ಷನ್ ಇದಲ್ಲ, ಒಪ್ಪುತ್ತೇನೆ. ಅಲ್ಲಿ ಕಾಲು ಲೋಟ ಡಿಕಾಕ್ಷನ್ನಿಗೆ ಮುಕ್ಕಾಲು ಹಾಲು ತಡೆಯುತ್ತದೆ. ಇಲ್ಲಿ ಅರ್ಧಕ್ಕರ್ಧ.

ಈ ಅರ್ಧಕ್ಕರ್ಧದಲ್ಲೇ ನನ್ನ ಜಗ್ಗಿನ ಗುಟ್ಟು ಇರುವುದು. ಇಲ್ಲಿನವರು ಥರ್ಮಲ್ ಜಗ್ಗಿನ ಬಗ್ಗೆ ದೂರುವುದು ಒಂದೇ: ಎರಡು ಗಂಟೆ ಆದ ಮೇಲೆ ಬಿಸಿ ಸಾಲದು. ಕರಿ ಕಾಫಿಗೆ ಅದು ನಿಜ. ನನ್ನ ಜಗ್ಗಿನಲ್ಲಿ ಏಳೂವರೆಗೆ 67, 68 ಡಿಗ್ರಿ ಇರುತ್ತದೆ. ಆದರೆ ನಮ್ಮನೆಯವರು ಅದಕ್ಕೆ ಸುರಿಯುವುದು ಒಲೆಯ ಮೇಲೆ ಉಕ್ಕಲು ಬಂದ ಹಾಲು. ಎರಡೂ ಸೇರಿದರೆ 80ರ ಆಸುಪಾಸು. ಬಾಯಿ ಸುಡುವಷ್ಟು. ಜಗ್ಗು ಕಾಫಿಯನ್ನು ಬಿಸಿಬಿಸಿಯಾಗಿ ಇಡಬೇಕಾಗಿಲ್ಲ, ಕೆಡಿಸದೆ ಇಟ್ಟರೆ ಸಾಕು. ಹಾಲು ನೋಡಿಕೊಳ್ಳುತ್ತದೆ.

ಹಾಗಂತ ಸಂಜೆವರೆಗೂ ಇಡಬಹುದು ಅಂದುಕೊಳ್ಳಬೇಡಿ. ಸೀಯುವುದಿಲ್ಲ, ನಿಜ. ಆದರೆ ಇಳಿದು ಮೂರ್ನಾಲ್ಕು ಗಂಟೆ ದಾಟಿದರೆ ಪರಿಮಳ ಸಪ್ಪೆಯಾಗುತ್ತದೆ. ನನ್ನ ಗಡುವು ಒಂಬತ್ತು. ಆಮೇಲೆ ಉಳಿದದ್ದು ಫ್ರಿಜ್ಜಿಗೆ.

ಇನ್ನೊಂದು ವಿಷಯ ತಡವಾಗಿ ಗೊತ್ತಾಯಿತು. ನನ್ನ ಲೋಟದಲ್ಲಿ ಕಾಫಿ ಗಟ್ಟಿ, ನಮ್ಮನೆಯವರದ್ದು ತೆಳು, ಅಥವಾ ಉಲ್ಟಾ. ಯಾಕೆ ಅಂದರೆ ಮೊದಲು ಇಳಿಯುವುದು ಗಟ್ಟಿ, ಕೊನೆಗೆ ಇಳಿಯುವುದು ನೀರು ನೀರು. ಎತ್ತರದ ಜಗ್ಗಿನಲ್ಲಿ ಅವು ತಾವಾಗಿ ಸರಿಯಾಗಿ ಬೆರೆಯುವುದಿಲ್ಲ. ಈಗ ಇಳಿದ ಮೇಲೆ ಜಗ್ಗನ್ನು ಮೆಲ್ಲಗೆ ನಾಲ್ಕು ಸುತ್ತು ಆಡಿಸುತ್ತೇನೆ.

ಕಳೆದ ಬೇಸಿಗೆಯಲ್ಲಿ ಹಾಸನದಿಂದ ಅಮ್ಮ ಬಂದಳು. ಜಗ್ಗು ನೋಡಿ ನಕ್ಕಳು. "ಇದೇನೇ, ಆಸ್ಪತ್ರೆ ಫ್ಲಾಸ್ಕಿನ ಕಾಫಿ ಕೊಡ್ತಿದೀಯ? ಯಾರಿಗೆ ಹುಷಾರಿಲ್ಲ?" ನಮ್ಮ ಕಡೆ ಫ್ಲಾಸ್ಕು ಅಟ್ಟದಿಂದ ಇಳಿಯುವುದು ಯಾರಾದರೂ ಆಸ್ಪತ್ರೆ ಸೇರಿದಾಗ, ಇಲ್ಲವೇ ರೈಲು ಹತ್ತುವಾಗ. ಅವಳಿಗೆ ಫ್ಲಾಸ್ಕಿನ ಕಾಫಿ ಅಂದರೆ ಹಾಲು ಸಕ್ಕರೆ ಎಲ್ಲ ಬೆರೆಸಿ ತುಂಬಿಸಿದ್ದು, ಕಾರ್ಕಿನ ವಾಸನೆ, ಕೆನೆ ತೇಲುವುದು.

ಎರಡನೇ ದಿನವೇ ನಾನಿಲ್ಲದಾಗ ಅವಳು ಜಗ್ಗಿಗೆ ಹಾಲು ಸುರಿದುಬಿಟ್ಟಳು. ಪಾಪ, ಅಳಿಯನಿಗೆ ಸಲೀಸಾಗಲಿ ಅಂತ. ಮಧ್ಯಾಹ್ನ ಮುಚ್ಚಳ ತೆಗೆದರೆ ಹುಳಿ ವಾಸನೆ. ಬೆಚ್ಚಗೆ ಮುಚ್ಚಿಟ್ಟ ಹಾಲು ಕೆಡದೆ ಇರುತ್ತದೆಯೇ? ಹಾಲು ಮುಚ್ಚಳದ ತಡೆಯೊಳಗೂ, ರಬ್ಬರ್ ಬಳೆಯೊಳಗೂ ಹೋಗಿತ್ತು. ಆ ವಾಸನೆ ಹೋಗಲು ಮೂರು ದಿನ ಹಿಡಿಯಿತು.

ತೊಳೆಯುವುದನ್ನು ಕಲಿಸಿದವಳೂ ಅಮ್ಮನೇ. ಈ ಜಗ್ಗುಗಳ ಬಾಯಿ ಕಿರಿದು, ನನ್ನ ಕೈ ಹೋಗುವುದಿಲ್ಲ. ಕಾಫಿಯ ಎಣ್ಣೆ ಒಳಗೆ ಜಿಡ್ಡಾಗಿ ಹಿಡಿದು, ಹೊಸ ಕಾಫಿಗೂ ಕಮಟು ಕೊಡುತ್ತದೆ. ಡಿಶ್‌ವಾಷರಿಗೆ ಹಾಕಬೇಡಿ, ನೀರಲ್ಲಿ ಮುಳುಗಿಸಬೇಡಿ ಅಂತ ಕಂಪನಿಯವರೇ ಬರೆದಿದ್ದರು. ಅಮ್ಮ ಒಂದು ಹಿಡಿ ಅಕ್ಕಿ, ಒಂದು ಚಮಚ ಅಡುಗೆ ಸೋಡ, ಸ್ವಲ್ಪ ಬಿಸಿನೀರು ಹಾಕಿ ಗಿರಗಿರ ಆಡಿಸಿದಳು. ಚೆಲ್ಲಿದ ನೀರು ಚಹಾದ ಬಣ್ಣಕ್ಕಿತ್ತು. ನಾನು ದಿನಾ ತೊಳೆಯುತ್ತಿದ್ದೇನೆ ಅಂದುಕೊಂಡಿದ್ದೆ! ಈಗ ಪ್ರತಿ ಭಾನುವಾರ ಅಕ್ಕಿ ಸೋಡ. ಮಷೀನಿನ ಒಳಗೆ ಕಟ್ಟುವ ಸುಣ್ಣಕ್ಕೆ ಎರಡು ತಿಂಗಳಿಗೊಮ್ಮೆ ನಿಂಬೆ ಉಪ್ಪು ಕರಗಿಸಿದ ನೀರು ಹಾಯಿಸಿ, ಆಮೇಲೆ ಎರಡು ಸಲ ಬರೀ ನೀರು. ವಿನಿಗರ್ ಆಗುತ್ತದೆ, ಆದರೆ ಅದರ ವಾಸನೆ ಮನೆಯೆಲ್ಲ ಸುತ್ತುತ್ತದೆ. ಸುಣ್ಣ ಕಟ್ಟಿದರೆ ನೀರು ನಿಧಾನಕ್ಕೆ ಏರುತ್ತದೆ, ಕಾಫಿ ಸಪ್ಪೆ ಬರುತ್ತದೆ. ಆರು ನಿಮಿಷಕ್ಕೆ ಮುಗಿಯುತ್ತಿದ್ದದ್ದು ಒಂಬತ್ತು ಆದರೆ ನನಗೆ ಅದೇ ಸೂಚನೆ.

ಜಗ್ಗಿಗೂ ಆಯಸ್ಸು ಇದೆ. ಮೂರನೇ ವರ್ಷ ಒಂದು ಬೆಳಗ್ಗೆ ಎತ್ತಿದರೆ ಹೊರಮೈಯೇ ಬೆಚ್ಚಗಿತ್ತು. ಹೊರಗೆ ಬೆಚ್ಚಗಾಯಿತು ಅಂದರೆ ಗೋಡೆಗಳ ನಡುವೆ ಗಾಳಿ ಹೊಕ್ಕಿದೆ ಅಂತ ಅರ್ಥ. ಮಗಳು ಅದನ್ನು ಒಮ್ಮೆ ಸಿಂಕಿಗೆ ಬೀಳಿಸಿದ್ದಳು, ಅಂಚಿನಲ್ಲಿ ನೆಗ್ಗಿತ್ತು. ರಿಪೇರಿ ಆಗದು. ಬರೀ ಜಗ್ಗಿನ ಬೆಲೆ ಕೇಳಿದರೆ ಮಷೀನಿನ ಅರ್ಧ! ಬೈದುಕೊಂಡೇ ತರಿಸಿದೆ.

ಹೊರಡುವ ವಾರ ಅಮ್ಮನಿಗೆ ಮಷೀನಿನ ಮೇಲೆ ಮನಸ್ಸಾಗಿತ್ತು. ಅಪ್ಪ ನಾಲ್ಕೂವರೆಗೇ ಎದ್ದು ಅವಳನ್ನೂ ಎಬ್ಬಿಸುತ್ತಾರೆ, ಅದು ಅವಳ ನಲವತ್ತು ವರ್ಷದ ಗೋಳು. ಆದರೆ ಇಲ್ಲಿನ ಮಷೀನು 120 ವೋಲ್ಟಿನದು. ಹಾಸನದ 230 ವೋಲ್ಟಿಗೆ ಸಿಕ್ಕಿಸಿದರೆ ಕಾಯಿಲ್ ನಾಲ್ಕು ಪಟ್ಟಿನ ಹತ್ತಿರ ಶಕ್ತಿ ಎಳೆದು ಸುಟ್ಟೇ ಹೋಗುತ್ತದೆ. ಟ್ರಾನ್ಸ್‌ಫಾರ್ಮರ್ ಇಟ್ಟುಕೊಳ್ಳಬಹುದು, ಕಾಫಿ ಮಷೀನಿಗೆ ಬೇಕಾಗುವಷ್ಟು ದೊಡ್ಡದು ಇಟ್ಟಿಗೆಯಷ್ಟು ಭಾರ. ಬೇಡ ಅಂದೆ. ಬದಲಿಗೆ ಅರ್ಧ ಲೀಟರಿನ, ಅಗಲ ಬಾಯಿಯ ಸ್ಟೀಲ್ ಫ್ಲಾಸ್ಕ್ ಒಂದು ಕೊಟ್ಟು ಕಳಿಸಿದೆ.

ಈಗ ಅವಳು ರಾತ್ರಿ ಹತ್ತಕ್ಕೆ ಹಿತ್ತಾಳೆ ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿಸಿ ಫ್ಲಾಸ್ಕಿಗೆ ತುಂಬಿ ಮಲಗುತ್ತಾಳೆ. ಆರೂವರೆ ಗಂಟೆ ಆಗುತ್ತಲ್ಲಮ್ಮ, ರುಚಿ ಕೆಡುವುದಿಲ್ಲವಾ ಅಂದೆ. "ಕೆಡತ್ತೆ ಕಣೇ, ಸ್ವಲ್ಪ ಕೆಡತ್ತೆ. ಆದ್ರೆ ಹಾಲು ಅವ್ರೇ ಕಾಯಿಸ್ಕೊಂಡು ಕುಡೀತಾರೆ. ನಾನು ಆರಕ್ಕೆ ಏಳ್ತೀನಿ" ಅಂದಳು.