ಹೂಚಿತ್ತಾರದ ಜರ್ಮನ್ ಪಿಂಗಾಣಿಯನ್ನು ಆರಿಸುವ ಬಗೆ

ಹುಬ್ಬಳ್ಳಿ-ಧಾರವಾಡದ ಹಳೆಯ ಮನೆಗಳ ಸಾಮಾನು ಮಾರಾಟಕ್ಕೆ ಬಂದಾಗ, ಒಮ್ಮೊಮ್ಮೆ ಹಿತ್ತಾಳೆ ಪಾತ್ರೆಗಳ ನಡುವೆ ಗುಲಾಬಿ ಹೂವಿನ ತೆಳುವಾದ ಕಪ್ಪು-ಬಸಿಯೊಂದು ಕಣ್ಣಿಗೆ ಬೀಳುತ್ತದೆ. ಹೂವಿನ ಚೆಲುವಿಗೆ ಸೋತು ಹಣ ಎಣಿಸುವ ಮುನ್ನ ಅದನ್ನು ಬೋರಲು ಹಾಕಿ, ತಳದಲ್ಲಿರುವ ಕಾರ್ಖಾನೆಯ ಗುರುತನ್ನು ನೋಡಬೇಕು.

1710ರಲ್ಲಿ ಆರಂಭವಾದ, ಜರ್ಮನಿಯ ಮೈಸೆನ್ ಊರಿನ ಪಿಂಗಾಣಿ ಕಾರ್ಖಾನೆಯ ಗುರುತು ಒಂದನ್ನೊಂದು ಅಡ್ಡಹಾಯುವ ನೀಲಿ ಕತ್ತಿಗಳು. ಬರ್ಲಿನ್ನಿನ ಕೆಪಿಎಂ (ರಾಜರ ಪಿಂಗಾಣಿ ಕಾರ್ಖಾನೆ) ಗುರುತು ರಾಜದಂಡ. ಆದರೆ ಕತ್ತಿಗಳನ್ನು ಅನುಕರಿಸಿದವರು ಅನೇಕರಿರುವುದರಿಂದ ಗುರುತೊಂದನ್ನೇ ನಂಬಿ ದೊಡ್ಡ ಬೆಲೆ ತೆರಬಾರದು. ಕಾಲವನ್ನು ಅಂದಾಜಿಸಲು ದೇಶದ ಹೆಸರು ಹೆಚ್ಚು ನೆರವಾಗುತ್ತದೆ: ‘ವೆಸ್ಟ್ ಜರ್ಮನಿ’ ಎಂದಿದ್ದರೆ ಅದು 1949ರಿಂದ 1990ರ ನಡುವಿನದು. ‘ಬವೇರಿಯಾ’ ಎಂಬುದು ಕಾರ್ಖಾನೆಯ ಹೆಸರಲ್ಲ, ಪ್ರಾಂತ್ಯದ ಹೆಸರು. ರೋಸೆಂತಾಲ್ ಸೇರಿ ಹಲವು ಕಾರ್ಖಾನೆಗಳು ಅಲ್ಲಿದ್ದವು.

ಅನಂತರ ಹೂವು. ಮೈಸೆನ್‌ನ ಕಲಾವಿದರು ಮೊದಲು ಪೂರ್ವದೇಶಗಳ ಶೈಲಿಯ ಹೂಗಳನ್ನು ಬರೆದು, 1740ರ ಸುಮಾರಿಗೆ ತಮ್ಮ ನೆಲದ ಹೂಗಳನ್ನು ಕಂಡಂತೆ ಬಿಡಿಸತೊಡಗಿದರು. ಚೆದುರಿದ ಹೂಗೊಂಚಲುಗಳ ಆ ಮಾದರಿಯನ್ನೇ ಮುಂದೆ ಉಳಿದ ಕಾರ್ಖಾನೆಗಳೂ ಅನುಸರಿಸಿದವು. ಭೂತಗನ್ನಡಿಯಲ್ಲಿ ಎಸಳನ್ನು ನೋಡಿರಿ. ಒಂದೇ ಅಳತೆಯ ಸಣ್ಣ ಚುಕ್ಕೆಗಳು ಸಾಲಾಗಿ ಕಂಡರೆ ಅದು ಅಚ್ಚು. ಕುಂಚದ ಎಳೆ ದಪ್ಪವಾಗಿ ಆರಂಭವಾಗಿ ತೆಳುವಾಗುತ್ತ ಸಾಗಿದ್ದರೆ ಕೈಯಿಂದ ಬರೆದದ್ದು. ಒಂದೇ ಸೆಟ್ಟಿನ ಎರಡು ಕಪ್ಪುಗಳನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸುವುದು ಇನ್ನೂ ಒಳ್ಳೆಯದು, ಏಕೆಂದರೆ ಕೈಯಿಂದ ಬರೆದ ಎರಡು ಗುಲಾಬಿಗಳು ತದ್ರೂಪವಾಗಿರುವುದಿಲ್ಲ. ಗೆರೆ ಅಚ್ಚಿನದಾಗಿ, ಬಣ್ಣ ಮಾತ್ರ ಕೈಯಿಂದ ತುಂಬಿದ ವಸ್ತುಗಳೂ ಉಂಟು. ಅಚ್ಚಿನ ಹೂವು ಕೀಳೆಂದು ನಾನು ಎಣಿಸುವುದಿಲ್ಲ. ಆದರೆ ಅಚ್ಚಿನದಕ್ಕೆ ಕೈಯಿಂದ ಬರೆದುದರ ಬೆಲೆ ಕೊಡಬಾರದು.

ಬಿರುಕು ಪತ್ತೆಹಚ್ಚಲು ವಸ್ತುವನ್ನು ಬಿಸಿಲಿಗೆ ಹಿಡಿಯಬೇಕು. ಉತ್ತಮ ಪಿಂಗಾಣಿಯ ತೆಳು ಭಾಗದಲ್ಲಿ ಹಿಂದಿನ ಬೆರಳಿನ ನೆರಳು ಕಾಣುತ್ತದೆ, ಕೂದಲೆಳೆಯಂಥ ಬಿರುಕಿದ್ದರೆ ಅದೂ ಗೆರೆಯಾಗಿ ಕಾಣುತ್ತದೆ. ಅಂಗೈ ಮೇಲಿಟ್ಟು ಅಂಚನ್ನು ಉಗುರಿನಿಂದ ಮೆಲ್ಲಗೆ ತಟ್ಟಿದರೆ ಗಟ್ಟಿ ವಸ್ತು ಗಂಟೆಯಂತೆ ನುಡಿಯುತ್ತದೆ. ಒಡಕು ದನಿ ಬಂದರೆ ಕೆಳಗಿಟ್ಟುಬಿಡಿರಿ. ಹಿಡಿಕೆ ಮತ್ತು ಮೂತಿಯ ಬೆಸುಗೆಗಳ ಮೇಲೆ ಬೆರಳಾಡಿಸಿ, ಅಂಟು ಹಚ್ಚಿದ ಉಬ್ಬು ಇದೆಯೇ ಎಂದು ನೋಡಬೇಕು.

ಮನೆಗೆ ತಂದ ಮೇಲೆ ಹಿತ್ತಾಳೆ ತೊಳೆಯುವಂತೆ ಹುಣಸೆಹಣ್ಣು, ಬೂದಿ, ತಂತಿನಾರು ಬಳಸಲೇಬಾರದು. ಬಂಗಾರದ ಅಂಚು ಹೊಳಪಿನ ಮೇಲ್ಪದರದ ಮೇಲಿರುವುದರಿಂದ ಉಜ್ಜಿದಷ್ಟೂ ಸವೆಯುತ್ತದೆ. ಉಗುರುಬೆಚ್ಚಗಿನ ನೀರು, ಮೃದು ಬಟ್ಟೆ ಸಾಕು. ತಟ್ಟೆಗಳನ್ನು ಒಂದರ ಮೇಲೊಂದು ಇಡುವಾಗ ನಡುವೆ ಹಳೆಯ ಹತ್ತಿ ಸೀರೆಯ ತುಂಡು ಹಾಸಿರಿ, ಕಪ್ಪುಗಳನ್ನು ಮಾತ್ರ ಬಿಡಿಬಿಡಿಯಾಗಿ ಇಡಿರಿ.