ಮನೆಯಲ್ಲೇ ಕ್ಲಚ್ ಆಯಿಲ್ ಬದಲಿಸುವುದು ಹೇಗೆ?

ರಿವರ್ಸ್ ಗೇರ್ ಹಾಕುವಾಗ ಕರಕರ ಸದ್ದು ಬರುತ್ತದೆ. ಪೆಡಲ್ ಸ್ಪಂಜಿನಂತೆ ಮೆತ್ತಗಿರುತ್ತದೆ. ಎರಡು ಮೂರು ಸಲ ತುಳಿದ ಮೇಲಷ್ಟೇ ಗೇರ್ ಸಲೀಸಾಗಿ ಬೀಳುತ್ತದೆ. ಇವು ಕ್ಲಚ್ ಲೈನಿನೊಳಗೆ (ಪೆಡಲಿನ ಒತ್ತಡವನ್ನು ಕ್ಲಚ್‌ಗೆ ಮುಟ್ಟಿಸುವ ಆಯಿಲ್ ಪೈಪು) ಗಾಳಿ ಸೇರಿರುವ ಅಥವಾ ಆಯಿಲ್ ಹಳತಾಗಿರುವ ಲಕ್ಷಣಗಳು. ಎಂಜಿನ್ ಕೂಗಿಕೊಂಡರೂ ಗಾಡಿ ವೇಗ ಹಿಡಿಯದಿದ್ದರೆ ಅದು ಕ್ಲಚ್ ಪ್ಲೇಟಿನ ಕಾಯಿಲೆ, ಆಯಿಲ್ ಬದಲಿಸಿದರೆ ವಾಸಿಯಾಗುವುದಿಲ್ಲ. ನಿಮ್ಮ ಕಾರಿನ ಕ್ಲಚ್ ಕೇಬಲ್‌ನಿಂದ ನಡೆಯುವುದಾದರೆ ಬದಲಿಸಲು ಆಯಿಲೇ ಇರುವುದಿಲ್ಲ, ಇದನ್ನು ಮೊದಲು ನೋಡಿಕೊಳ್ಳಿ.

ರೂಢಿಯಲ್ಲಿ ಆಯಿಲ್ ಅನ್ನುತ್ತೇವಾದರೂ ಇದು ಬಹುತೇಕ ಕಾರುಗಳಲ್ಲಿ ಗ್ಲೈಕಾಲ್ ಆಧಾರಿತ ಬ್ರೇಕ್ ಫ್ಲೂಯಿಡ್. ಗಾಳಿಯ ತೇವವನ್ನು ಹೀರಿಕೊಳ್ಳುವುದು ಇದರ ಗುಣ. ಡಾಟ್ 4 ಎಂಬ ದರ್ಜೆಯ ಹೊಸ ಫ್ಲೂಯಿಡ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದೆ ನಿಲ್ಲಬೇಕು. ನೀರು ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯಬಹುದು. ಕ್ಲಚ್‌ನಲ್ಲಿ ಕುದಿಯುವುದಕ್ಕಿಂತ ತುಕ್ಕಿನ ಕಾಟವೇ ಹೆಚ್ಚು. ಆಯಿಲ್ ಒತ್ತಡದಿಂದ ಕೆಲಸ ಮಾಡುವ ಕ್ಲಚ್ ಸಿಲಿಂಡರಿನ ಒಳಮೈ ತುಕ್ಕು ಹಿಡಿದರೆ ರಬ್ಬರ್ ಸೀಲ್ ಸವೆಯುತ್ತದೆ, ಆಯಿಲ್ ಕಪ್ಪಾಗುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಿದರೆ ಸಿಲಿಂಡರ್ ಬಹುಕಾಲ ಬಾಳುತ್ತದೆ.

ಬಾನೆಟ್ ಒಳಗೆ ಈ ಆಯಿಲ್ ತುಂಬಿಡುವ ಡಬ್ಬಿಯ ಮುಚ್ಚಳದ ಮೇಲೆ ಯಾವ ದರ್ಜೆ ಬರೆದಿದೆಯೋ ಅದನ್ನೇ ತನ್ನಿ. ಡಾಟ್ 5 ಸಿಲಿಕೋನ್ ಜಾತಿಯದು. ಅದನ್ನು ಡಾಟ್ 3, 4, 5.1 ಇವುಗಳ ಜತೆ ಬೆರೆಸಲೇಬಾರದು. ಎಂಜಿನ್ ಆಯಿಲ್ ಒಂದು ಚಮಚ ಬಿದ್ದರೂ ಸೀಲುಗಳು ಊದಿಕೊಂಡು ಇಡೀ ವ್ಯವಸ್ಥೆ ಕೆಡುತ್ತದೆ. ಸೀಲ್ ಒಡೆಯದ ಅರ್ಧ ಲೀಟರ್ ಬಾಟಲಿ ಧಾರಾಳವಾಗಿ ಸಾಕು. ಅರ್ಧ ಉಳಿದ ಹಳೆಯ ಬಾಟಲಿ ಬೇಡ, ಅದು ಆಗಲೇ ತೇವ ಕುಡಿದಿರುತ್ತದೆ. ಇದಲ್ಲದೆ ಬ್ಲೀಡ್ ನಿಪ್ಪಲ್‌ಗೆ, ಅಂದರೆ ಹಳೆಯ ಆಯಿಲ್ ಮತ್ತು ಗಾಳಿಯನ್ನು ಹೊರಬಿಡುವ ಸಣ್ಣ ಸ್ಕ್ರೂಗೆ, ಸರಿಹೊಂದುವ ರಿಂಗ್ ಸ್ಪ್ಯಾನರ್ (ಸಾಮಾನ್ಯವಾಗಿ 8, 10 ಅಥವಾ 11 ಎಂಎಂ), ಅರ್ಧ ಮೀಟರ್ ಪಾರದರ್ಶಕ ಪೈಪು, ಒಂದು ಬಾಟಲಿ, ದೊಡ್ಡ ಸಿರಿಂಜ್, ಕೈಗವಸು, ಕಣ್ಣಿಗೆ ಕನ್ನಡಕ ಮತ್ತು ಪೆಡಲ್ ತುಳಿಯಲು ಇನ್ನೊಬ್ಬರು ಬೇಕು. ಈ ಆಯಿಲ್ ಬಣ್ಣವನ್ನು ಕಿತ್ತುಹಾಕುತ್ತದೆ, ಬಾಡಿಯ ಮೇಲೆ ಚೆಲ್ಲಿದರೆ ತಕ್ಷಣ ನೀರು ಸುರಿದು ತೊಳೆಯಿರಿ.

ಎಂಜಿನ್ ತಣ್ಣಗಿರಲಿ, ಗಾಡಿ ಸಮತಟ್ಟಾದ ಜಾಗದಲ್ಲಿರಲಿ. ನಿಪ್ಪಲ್ ಇರುವುದು ಗೇರ್‌ಬಾಕ್ಸ್ ಪಕ್ಕದ ಸ್ಲೇವ್ ಸಿಲಿಂಡರಿನಲ್ಲಿ (ಆಯಿಲ್ ಒತ್ತಡದಿಂದ ಕ್ಲಚ್ ಬಿಡಿಸುವ ಭಾಗ). ಈ ಸಿಲಿಂಡರ್ ಗೇರ್‌ಬಾಕ್ಸಿನ ಒಳಗಡೆ ಅಡಗಿರುವ ಕಾರುಗಳಲ್ಲಿ ಹೊರಗೆ ಬರುವ ಪೈಪಿನ ತುದಿಯಲ್ಲಿ. ಕೈಗೆ ಎಟುಕದೆ ಗಾಡಿ ಎತ್ತಬೇಕಾದರೆ ಸ್ಟ್ಯಾಂಡ್ ಕೊಡಿ. ಬರೀ ಜಾಕ್ ನಂಬಿ ಕೆಳಗೆ ನುಸುಳಬೇಡಿ. ತುಕ್ಕು ಕಂಡರೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡಿ. ಬಲವಂತಕ್ಕೆ ನಿಪ್ಪಲ್ ಮುರಿದರೆ ಸಿಲಿಂಡರನ್ನೇ ಬದಲಿಸಬೇಕಾಗಬಹುದು.

ಡಬ್ಬಿಯ ಮುಚ್ಚಳದ ಸುತ್ತಲಿನ ಧೂಳು ಒರೆಸಿ, ಸಿರಿಂಜಿನಿಂದ ಹಳೆಯ ಆಯಿಲ್ ಆದಷ್ಟು ಎಳೆದು, ತಕ್ಷಣ ಹೊಸದನ್ನು ಮ್ಯಾಕ್ಸ್ ಗೆರೆಯವರೆಗೆ ತುಂಬಿ. ಬ್ರೇಕ್ ಮತ್ತು ಕ್ಲಚ್‌ಗೆ ಒಂದೇ ಡಬ್ಬಿ ಇದ್ದರೆ ಪೂರ್ತಿ ಎಳೆಯುವುದು ಬೇಡ, ಬ್ರೇಕ್ ಲೈನಿಗೂ ಗಾಳಿ ಹೊಕ್ಕೀತು. ಅಂಥ ಡಬ್ಬಿಯಲ್ಲಿ ಕ್ಲಚ್‌ಗೆ ಹೋಗುವ ದಾರಿ ಸಾಮಾನ್ಯವಾಗಿ ಎತ್ತರದಲ್ಲಿರುತ್ತದೆ; ಆಯಿಲ್ ಇಳಿದರೆ ಮೊದಲು ಗಾಳಿ ಎಳೆದುಕೊಳ್ಳುವುದು ಕ್ಲಚ್. ಆದ್ದರಿಂದ ಮಟ್ಟ ಮಿನ್ ಗೆರೆಗೆ ಬರುವ ಮೊದಲೇ ಮತ್ತೆ ತುಂಬುತ್ತಿರಿ.

ಸ್ಪ್ಯಾನರನ್ನು ನಿಪ್ಪಲ್‌ಗೆ ಮೊದಲು ತೊಡಿಸಿ, ಆಮೇಲೆ ಪೈಪು ಸಿಕ್ಕಿಸಿ. ಪೈಪಿನ ಇನ್ನೊಂದು ತುದಿ ಬಾಟಲಿಯಲ್ಲಿ ಒಂದಿಷ್ಟು ಹೊಸ ಆಯಿಲ್‌ನೊಳಗೆ ಮುಳುಗಿರಲಿ. ಒಳಗೆ ಕೂತವರು ಪೆಡಲನ್ನು ನಿಧಾನವಾಗಿ ತಳದವರೆಗೆ ಒತ್ತಿ ಹಿಡಿದು "ಒತ್ತಿದೆ" ಅನ್ನಬೇಕು. ನೀವು ನಿಪ್ಪಲ್ ಕಾಲು ಸುತ್ತು ಸಡಿಲಿಸಿ, ಆಯಿಲ್ ಹರಿದು ನಿಂತ ಕೂಡಲೇ ಮುಚ್ಚಿ, ಮುಚ್ಚಿದ ಮೇಲೆ ಮಾತ್ರ "ಬಿಡಿ" ಅನ್ನಿ. ಈ ಕ್ರಮ ಒಮ್ಮೆ ತಪ್ಪಿದರೂ ಪೆಡಲ್ ಮೇಲೇಳುವಾಗ ನಿಪ್ಪಲ್ ಕಡೆಯಿಂದ ಗಾಳಿಯನ್ನು ಒಳಕ್ಕೆ ಎಳೆದುಕೊಳ್ಳಬಹುದು. ಪೆಡಲ್ ತಳದಲ್ಲೇ ಕೂತುಬಿಟ್ಟರೆ ಗಾಬರಿ ಬೇಡ, ಕೈಯಿಂದ ಎತ್ತಿ. ದಡದಡ ತುಳಿಯಬೇಡಿ, ಗಾಳಿ ನೊರೆಯಾಗಿ ಒಡೆದರೆ ಹೊರಗೆ ಬರಲು ಸತಾಯಿಸುತ್ತದೆ. ಪೈಪಿನಲ್ಲಿ ತಿಳಿಯಾದ ಆಯಿಲ್ ಕಂಡು, ಒಂದೂ ಗುಳ್ಳೆ ಬಾರದಿರುವ ತನಕ ಹೀಗೆ ಮುಂದುವರಿಸಿ. ಇದಕ್ಕೆ ಸಾಮಾನ್ಯವಾಗಿ ಹದಿನೈದಿಪ್ಪತ್ತು ಸಲ ಬೇಕಾಗುತ್ತದೆ. ಕೊನೆಗೆ ನಿಪ್ಪಲನ್ನು ಹದವಾಗಿ ಬಿಗಿ ಮಾಡಿ. ಅದು ಟೊಳ್ಳು, ಜಾಸ್ತಿ ತಿರುವಿದರೆ ತುಂಡಾಗುತ್ತದೆ. ರಬ್ಬರ್ ಟೋಪಿ ಹಾಕಲು ಮರೆಯಬೇಡಿ.

ಹ್ಯಾಂಡ್‌ಬ್ರೇಕ್ ಎಳೆದು ಎಂಜಿನ್ ಶುರು ಮಾಡಿ, ಕ್ಲಚ್ ಪೂರ್ತಿ ಒತ್ತಿ ನಾಲ್ಕೈದು ಸೆಕೆಂಡ್ ಕಾದು ರಿವರ್ಸ್ ಹಾಕಿ ನೋಡಿ. ಈಗಲೂ ಕರಕರ ಅಂದರೆ ಗಾಳಿ ಉಳಿದಿರಬಹುದು. ಒಂದು ಗಂಟೆ ಬಿಟ್ಟು ಇನ್ನೊಂದು ಸುತ್ತು ಮಾಡಿ. ಒಂದೇ ಡಬ್ಬಿಯ ಕಾರಿನಲ್ಲಿ ಬ್ರೇಕ್ ಪೆಡಲ್ ಗಟ್ಟಿಯಾಗಿದೆಯೇ ಎಂದೂ ಪರೀಕ್ಷಿಸದೆ ಗಾಡಿ ಹೊರಡಿಸಬೇಡಿ.

ಒಂದು ವಾರ ಮಟ್ಟದ ಮೇಲೆ ಕಣ್ಣಿಡಿ. ಒಂದೇ ಡಬ್ಬಿಯಾದರೆ ಬ್ರೇಕ್ ಪ್ಯಾಡ್ ಸವೆದಂತೆ ಮಟ್ಟ ನಿಧಾನವಾಗಿ ಇಳಿಯುವುದು ಸಹಜ. ಕ್ಲಚ್‌ಗೇ ಪ್ರತ್ಯೇಕ ಡಬ್ಬಿ ಇದ್ದು ಅದರಲ್ಲಿ ಆಯಿಲ್ ಕಮ್ಮಿಯಾಗುತ್ತಿದ್ದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ಪೆಡಲಿನ ಮೇಲ್ಭಾಗ, ನಿಪ್ಪಲ್, ಗೇರ್‌ಬಾಕ್ಸಿನ ತಳ ಈ ಮೂರು ಕಡೆ ಒದ್ದೆ ಇದೆಯೇ ಎಂದು ಬೆರಳಾಡಿಸಿ ನೋಡಿ.