ಲಕ್ವ ಹೊಡೆದವರು ಮನೆಗೆ ಬಂದ ಮೇಲೆ

ಆಸ್ಪತ್ರೆಯಿಂದ ಬಂದ ಹೊಸದರಲ್ಲಿ ಮನೆ ತುಂಬ ನೆಂಟರು. ಹಾರ್ಲಿಕ್ಸ್, ಎಳನೀರು, ಬುದ್ಧಿಮಾತು. ಪಾರಿವಾಳದ ರಕ್ತ ಹಚ್ಚಿ ಅಂದವರೂ ಇದ್ದರು. ಆಮೇಲೆ ಯಾರೂ ಇತ್ತ ತಲೆ ಹಾಕುವುದಿಲ್ಲ. ಕೆಲಸ ಇರುವುದೇ ಆಗ. ನಮ್ಮ ಯಜಮಾನರು ಹಾಸನದಲ್ಲಿ ಬಸ್ ಕಂಡಕ್ಟರ್ ಆಗಿದ್ದವರು. ಬಲಗೈ, ಬಲಗಾಲು, ಮಾತು ಮೂರೂ ಹೋದವು.

ಅಂಗಿ ತೊಡಿಸುವಾಗ ಸೋತ ಕೈಯನ್ನು ಮೊದಲು ತೂರಿಸಿ. ಬಿಚ್ಚುವಾಗ ಗಟ್ಟಿ ಕೈ ಮೊದಲು. ಎಬ್ಬಿಸುವಾಗ ಸೋತ ಕೈ ಹಿಡಿದು ಎಳೆಯಲೇಬೇಡಿ, ಭುಜದ ಕೀಲು ಜಾರೀತು. ನಡೆಯುವಾಗ ಕೋಲು ಗಟ್ಟಿ ಕೈಯಲ್ಲಿರಲಿ, ನೀವು ಸೋತ ಬದಿಗೆ ನಿಲ್ಲಿ. ಗುಂಡಿ ಹಾಕಿಕೊಳ್ಳಲು ಹತ್ತು ನಿಮಿಷ ಹಿಡಿದರೆ ಹಿಡಿಯಲಿ. ಪಾಪ ಅಂತ ಎಲ್ಲ ನೀವೇ ಮಾಡಿದರೆ ಅವರು ಕಲಿಯುವುದು ಯಾವಾಗ?

ನೀರು ಕುಡಿದಾಗೆಲ್ಲ ಕೆಮ್ಮು ಬಂದರೆ ಡಾಕ್ಟರಿಗೆ ಹೇಳಿ. ನೀರು ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗಬಹುದು. ಮಲಗಿಸಿ ತಿನ್ನಿಸಬೇಡಿ. ಉಂಡ ಮೇಲೂ ಅರ್ಧ ಗಂಟೆ ಕೂತಿರಲಿ.

ಮಾತಿನ ವಿಷಯ ಸ್ವಲ್ಪ ಜಾಸ್ತಿ ಹೇಳಬೇಕು. "ನೀರು" ಅನ್ನಲು ಬಾರದ ನಮ್ಮವರು ಒಂದು ದಿನ "ರೈಟ್ ರೈಟ್" ಅಂದುಬಿಟ್ಟರು! ರೂಢಿಯಾದ ಮಾತು, ಎಣಿಕೆ, ದೇವರನಾಮ ಹೀಗೆ ತಾನಾಗಿ ಬರುವುದುಂಟು. ಪದ ಸಿಗುತ್ತಿಲ್ಲ ಅಂದರೆ ಬುದ್ಧಿ ಹೋಯಿತು ಅಂತಲ್ಲ. ಮಗುವಿಗೆ ಹೇಳಿದ ಹಾಗೆ ಹೇಳಬೇಡಿ. "ಏನು ಬೇಕು?" ಅನ್ನುವ ಬದಲು ಎರಡೂ ಲೋಟ ಮುಂದಿಟ್ಟು "ಕಾಫಿನಾ, ಮಜ್ಜಿಗೆನಾ?" ಅಂತ ಕೇಳಿ. ಕೇಳಿದ ಮೇಲೆ ಸುಮ್ನೆ ಕಾಯಿರಿ, ಕಷ್ಟ ಇರುವುದು ಅದರಲ್ಲೇ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಮಾತಿನ ಚಿಕಿತ್ಸೆ ಕೊಡುತ್ತಾರೆ.

ಊಟ ಬೇಡ ಅನ್ನುವುದು, ಗೋಡೆ ಕಡೆ ತಿರುಗಿ ಮಲಗುವುದು ಹಟ ಅಂದುಕೊಳ್ಳಬೇಡಿ. ಲಕ್ವದ ನಂತರ ಸುಮಾರು ಮೂವರಲ್ಲಿ ಒಬ್ಬರಿಗೆ ಖಿನ್ನತೆ ಬರುತ್ತದೆ. ಅದಕ್ಕೂ ಚಿಕಿತ್ಸೆ ಇದೆ.

ನಾಟಿ ಔಷಧಿ ನಂಬಿ ಬಿಪಿ ಮಾತ್ರೆ ಬಿಡಿಸಬೇಡಿ. ಮತ್ತೆ ಬಾಯಿ ಸೊಟ್ಟಗಾದರೆ, ಕೈ ಜೋತುಬಿದ್ದರೆ, ಮಾತು ತೊದಲಿದರೆ ಕೂಡಲೇ 108ಕ್ಕೆ ಫೋನ್ ಮಾಡಿ. ಮೆದುಳಿನ ರಕ್ತನಾಳದ ಹೆಪ್ಪು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ಲಕ್ಷಣ ಶುರುವಾದ 4.5 ಗಂಟೆಯೊಳಗೆ ಬೀಳಬೇಕು. ಕೈಕಾಲಿನ ಸೋಲು ಹಾಗೇ ಉಳಿದರೆ ಅಂಗವಿಕಲರ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಿ. ಪಿಂಚಣಿ, ಬಸ್ ಪಾಸ್ ಕೇಳಲು ಬೇಕಾಗುತ್ತದೆ.

ನೋಡಿಕೊಳ್ಳುವವರಿಗೂ ಬಿಡುವು ಬೇಕು. ವಾರಕ್ಕೆ ಅರ್ಧ ದಿನ ಯಜಮಾನರನ್ನು ಮಗನಿಗೆ ಒಪ್ಪಿಸಿ ನಾನು ಸಂತೆಗೆ ಹೋಗುತ್ತೇನೆ. ಆಡಿಕೊಂಡ ನಾದಿನಿಗೆ, "ಬಾರಮ್ಮ, ಮುಂದಿನ ವಾರ ನೀನೇ ಇರು" ಅಂದೆ.